ಅಪ್ಪನ ಕ್ಯಾಮೆರಾದ ಹಿಂಬಾಗಿಲು

ಶಹಾಬಾದಿನಲ್ಲಿ ಕಲ್ಲಿನ ಪುಡಿ ನುಗ್ಗದ ಯಂತ್ರವಿಲ್ಲ. ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಪಕ್ಕದಲ್ಲೇ ನನ್ನ ರಿಪೇರಿ ಅಂಗಡಿ. ಫ್ಯಾನ್ ಬರಲಿ, ಮಿಕ್ಸಿ ಬರಲಿ, ಮೊದಲು ಬಿಚ್ಚಬೇಕು, ಊದಬೇಕು, ಆಮೇಲೆ ನೋಡಬೇಕು. ಅರ್ಧ ರೋಗ ಊದಿದಾಗಲೇ ಹೋಗಿರುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಕಲಿತ ವಿದ್ಯೆ ಇದೇ.

ಕಳೆದ ಬೇಸಿಗೆಯಲ್ಲಿ ಅಕ್ಕ ಚಿಂಚೋಳಿಯಿಂದ ಅಪ್ಪನ ರೀಲ್ ಕ್ಯಾಮೆರಾ ತಂದಳು. ಅಪ್ಪ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಕೊಂಡದ್ದು; ಅಪ್ಪ ತೀರಿದ ಮೇಲೆ ಅಕ್ಕನ ಬಳಿ ಇತ್ತು. ಸ್ವಿಚ್ ಒತ್ತಿದರೆ ಬೆಳಕು ಎಷ್ಟಿದೆ ಎಂದು ಒಂದು ಮುಳ್ಳು ಎದ್ದು ತೋರಿಸಬೇಕು. ಈಗ ಒಮ್ಮೆ ಏಳುತ್ತಿತ್ತು, ಒಮ್ಮೆ ಇಲ್ಲ. ಹೊಸ ಸೆಲ್ ಹಾಕಿದರೂ ಅಷ್ಟೇ.

"ಒಳಗ ರೀಲ್ ಅದ ನೋಡಪ್ಪ. ಹಿಂದಿನ ಬಾಗಿಲ ಮಾತ್ರ ತೆಗಿಬ್ಯಾಡ."

"ಅಷ್ಟೂ ತಿಳಿಯಂಗಿಲ್ಲೇನಕ್ಕ ನನಗ?"

"ತಿಳಿತದ, ತಿಳಿತದ. ನೀ ಮಾಡಿಕೊಟ್ಟ ಫ್ಯಾನ್ ಉಲ್ಟಾ ತಿರುಗಿ ಸೂರಿಗಿ ಗಾಳಿ ಹಾಕ್ತಿತ್ತಲ್ಲ."

ಅಕ್ಕ ಫೋಟೊ ತೆಗೆದಿದ್ದ ಆ ರೀಲಿನಲ್ಲಿ ಅವ್ವ ಇದ್ದಳು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮೊಬೈಲ್ ಎತ್ತಿದರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದವಳು, ಅಪ್ಪನ ಕ್ಯಾಮೆರಾ ಕಂಡರೆ ಮಾತ್ರ ತಾನಾಗಿ ಬಂದು ನೆಟ್ಟಗೆ ಕೂಡುತ್ತಿದ್ದಳು. ಉಳಿದ ನಾಲ್ಕಾರು ಫೋಟೊ ತೆಗೆದು, ರೀಲ್ ತೊಳೆಸಿ, ಅವ್ವನದೊಂದನ್ನು ವರ್ಷದ ಕಾರ್ಯಕ್ಕೆ ದೊಡ್ಡದು ಮಾಡಿಸಬೇಕೆಂದು ಅಕ್ಕನ ಆಸೆ.

ಮರುದಿನ ಕ್ಯಾಮೆರಾ ಕೈಗೆತ್ತಿಕೊಂಡೆ. ಶೆಡ್ಡಿನ ಪುಡಿ ಗಾಳಿಯಲ್ಲಿ ತೇಲುತ್ತಿತ್ತು. ಕೈ ತನ್ನ ರೂಢಿಯಂತೆ ನಡೆಯಿತು. ಹಿಂಬಾಗಿಲು ಟಕ್ಕೆಂದು ತೆರೆದುಕೊಂಡಿತು, ನಾನು ಊದಿಯೂಬಿಟ್ಟೆ. ಒಳಗೆ ರೀಲು ಬಿಸಿಲಿಗೆ ಹೊಳೆದಾಗಲೇ ಅಕ್ಕನ ಮಾತು ನೆನಪಾದದ್ದು. ತಟ್ಟನೆ ಮುಚ್ಚಿದೆ.

ಸ್ವಿಚ್ಚಿನ ರೋಗ ಇದ್ದದ್ದು ಮೇಲಿನ ಮುಚ್ಚಳದ ಕೆಳಗೆ. ತಾಮ್ರದ ಪಟ್ಟಿಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ತೆಗೆದು, ಪಟ್ಟಿಯನ್ನು ಒಂದಿಷ್ಟು ಬಾಗಿಸಿದೆ. ಮುಳ್ಳು ಪ್ರತಿ ಸಲ ಎದ್ದಿತು. ಹಿಂಬಾಗಿಲು ಮುಟ್ಟುವ ಅಗತ್ಯವೇ ಇರಲಿಲ್ಲ.

ಅಕ್ಕ ಬಂದಳು. ಸ್ವಿಚ್ ಒತ್ತಿ ನೋಡಿದಳು. ಆಮೇಲೆ ಕ್ಯಾಮೆರಾದ ನೆತ್ತಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಛಲೋ ಆತು. ಬ್ಯಾರೆ ಏನೂ ಆಗಿಲ್ಲಲ್ಲ?"

"ಏನೂ ಇಲ್ಲಕ್ಕ."

ಅಂದಿನಿಂದ ಅವಳ ಫೋನ್ ಬಂದರೆ ಸಾಕು, ಕೆಲಸ ಇದೆ ಎಂದು ಬೇಗ ಇಟ್ಟುಬಿಡುತ್ತಿದ್ದೆ. ವಾಡಿಗೆ ಸಾಮಾನು ತರಲು ಹೋದಾಗ ಮದುವೆ ಫೋಟೊ ತೆಗೆಯುವವನೊಬ್ಬನನ್ನು ಕೇಳಿದೆ.

"ರೀಲಿಗಿ ಬೆಳಕ ಬಿದ್ರ ಏನಾಗ್ತದ್ರಿ?"

"ಬಿದ್ದಷ್ಟು ಸುಟ್ಟಂಗ. ಒಳಗ ಸುತ್ತಿದ್ದು ಉಳಿದ್ರ ಉಳೀತದ. ಯಾರದು?"

"ಗಿರಾಕಿದ್ರಿ."

ಅವ್ವನನ್ನು ಗಿರಾಕಿ ಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ನೊಂದೆ. ಅವ್ವ ಒಳಸುತ್ತಿನಲ್ಲಿ ಇದ್ದಾಳೋ ಹೊರಸುತ್ತಿನಲ್ಲಿ ಇದ್ದಾಳೋ? ಅಕ್ಕನನ್ನು ಕೇಳದೆ ತಿಳಿಯುವಂತಿರಲಿಲ್ಲ. ಕೇಳಿದರೆ ಸಿಕ್ಕಿಬೀಳುತ್ತಿದ್ದೆ.

ವರ್ಷದ ಕಾರ್ಯ ಹತ್ತಿರ ಬಂತು. "ರೀಲ್ ಮುಗೀತು, ಹೈದರಾಬಾದಿಗಿ ಕಳಸ್ತೀನಿ" ಎಂದು ಅಕ್ಕ ಫೋನ್ ಮಾಡಿದಾಗ ತಡೆಯಲಾಗಲಿಲ್ಲ. ಅಂಗಡಿ ಮುಚ್ಚಿ ಚಿಂಚೋಳಿ ಬಸ್ ಹತ್ತಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ನಿಂತಲ್ಲೇ ಹೇಳಿಬಿಟ್ಟೆ.

ಅವಳು ಮೊರದಿಂದ ಕೈ ತೆಗೆಯಲಿಲ್ಲ.

"ಎಷ್ಟ ಫೋಟೊ ತೆಗೆದೀವಂತ ಮ್ಯಾಲ ಲೆಕ್ಕ ತೋರಿಸ್ತದಲ್ಲ, ಬಾಗಿಲ ತೆಗೆದ್ರ ಅದು ಸೊನ್ನಿಗಿ ಬರ್ತದ. ಅವತ್ತೇ ನೋಡಿನಿ."

"ಮತ್ತ ನೀ ಕೇಳಲಿಲ್ಲ?"

"ಕೇಳಿದ್ನಲ್ಲ."

ಅಕ್ಕ ಎದ್ದುಹೋಗಿ ರೀಲು ತಂದು ನನ್ನ ಕೈಯಲ್ಲಿಟ್ಟಳು.

"ನೀನೇ ಹೋಗಿ ತೊಳಸ್ಕೊಂಡ್ ಬಾ. ಏನ್ ಬಂದ್ರೂ ಮೊದಲ ನೀ ನೋಡು."

ಹೈದರಾಬಾದಿನ ಆ ಅಂಗಡಿಯ ಬೆಂಚಿನ ಮೇಲೆ ಕೂತು ಲಕೋಟೆ ಬಿಚ್ಚಲು ನನಗೆ ಬಹಳ ಹೊತ್ತು ಬೇಕಾಯಿತು. ಅವ್ವನ ಫೋಟೊಗಳಲ್ಲಿ ಕೊನೆಯವು ಪೂರ್ತಿ ಸುಟ್ಟಿದ್ದವು. ಮೊದಲು ತೆಗೆದು ಒಳಸುತ್ತಿನಲ್ಲಿ ಉಳಿದಿದ್ದ ಒಂದರಲ್ಲಿ ಮಾತ್ರ ಅವಳು ನೆಟ್ಟಗೆ ಕೂತಿದ್ದಾಳೆ. ಎಡಗೆನ್ನೆಯ ಮೇಲೆ ಕೆಂಪು ಬೆಳಕು ಚೆಲ್ಲಿದೆ.

ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಕಾರ್ಯಕ್ಕೆ ಬಂದಿದ್ದ ಚಿತ್ತಾಪುರದ ಸೋದರಮಾವ ಹತ್ತಿರ ಹೋಗಿ ನೋಡಿದರು.

"ಗಲ್ಲದ ಮ್ಯಾಲ ಇದೇನಿದು ಕೆಂಪ?"

ಅಕ್ಕ ನನ್ನ ಕಡೆ ನೋಡಿದಳು.

"ನಾ ಬಾಗಿಲ ತೆಗೆದಿದ್ದೆ, ಮಾವ" ಎಂದೆ.