ಸಪ್ಪೆ ಕಲ್ಲಿನ ಫೋಟೋ

ವೈನಿಯವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಪತ್ರ, ಫೋಟೋ, ಸೀರೆಯ ಅಂಚು, ಏನು ಕೈಗೆ ಬಂದರೂ ಅದರ ಮೇಲೆ ಆ ಹೆಬ್ಬೆರಳನ್ನು ನಿಧಾನವಾಗಿ ಎಳೆದು ನೋಡುವುದು ಅವರ ಅಭ್ಯಾಸ. ಸೀಳಿನಲ್ಲಿ ನೂಲಿನ ಎಳೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುತ್ತ, "ಇದು ನನಗ ಫತೇಪುರ ಸಿಕ್ರಿ ಕೊಟ್ಟ ಆಹೇರು, ಉಡುಗೊರೆ" ಎಂದು ನಗುತ್ತಿದ್ದರು.

ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಅನ್ನುತ್ತಾರೆ. ನಾನು ಮೈಸೂರಿನವನು, ಅವರಿಗೆ ಮೈದುನನೂ ಅಲ್ಲ. ಅವರ ಯಜಮಾನರ ಗೆಳೆಯರೆಲ್ಲ ಹಾಗೆ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಅಮೆರಿಕದ ಜರ್ಸಿ ಸಿಟಿಯಲ್ಲಿ ಮೂರು ಅಂತಸ್ತಿನ ಒಂದು ಇಟ್ಟಿಗೆ ಮನೆ. ಮೂರನೆಯದರಲ್ಲಿ ಅವರು, ಎರಡನೆಯದರಲ್ಲಿ ನಾನು ಮತ್ತು ನನ್ನ ಹೆಂಡತಿ. ಆ ಮನೆ ಖಾಲಿಯಿದೆ ಎಂದು ನಮಗೆ ತಿಳಿಸಿದವರೂ ಅವರೇ. ಅದು ಅರವತ್ತರ ದಶಕದ ಕೊನೆ. ನ್ಯೂ ಜರ್ಸಿಯ ಒಂದು ಸಂಜೆ ಪತ್ರಿಕೆಯಲ್ಲಿ ನನಗೆ ಕಾಪಿ ಡೆಸ್ಕಿನ ಕೆಲಸ ಸಿಕ್ಕಿತ್ತು. ಶೀರ್ಷಿಕೆ ಕೊಡುವುದು, ಫೋಟೋಗಳ ಕೆಳಗಿನ ವಿವರಣೆ ಬರೆಯುವುದು, ತಪ್ಪಾದರೆ ಮರುದಿನ ತಿದ್ದುಪಡಿ ಬರೆಯುವುದು ನನ್ನ ಕೆಲಸ. ಮೊದಲ ಚಳಿಗಾಲದಲ್ಲಿ ನನ್ನ ಹೆಂಡತಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ನಾನು ಎಡಿಷನ್ ಮುಗಿಸಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ವೈನಿ ಬೆಳಿಗ್ಗೆ ಆರು ಗಂಟೆಯಿಂದ ಅಲ್ಲಿನ ಕುರ್ಚಿಯಲ್ಲಿ ಕೂತಿದ್ದರು. "ಬಂದ್ರಿ? ಪೇಪರ್ ಹೊಂಟತೇನು? ಇಲ್ಲೆ ಎಲ್ಲಾ ಆರಾಮದ" ಎಂದರು. ಅಂದಿನಿಂದ ಅವರಿಗೆ ನಾನು 'ಪೇಪರಿನವರು'.

ಅವರ ತಂದೆ ಬ್ರಿಟಿಷರ ಕಾಲದಲ್ಲಿ ಪುರಾತನ ಕಟ್ಟಡಗಳ ದುರಸ್ತಿ ನೋಡಿಕೊಳ್ಳುವ ಓವರ್ಸಿಯರ್ ಆಗಿದ್ದವರು. ಧಾರವಾಡದಿಂದ ದೆಹಲಿಗೆ, ಅಲ್ಲಿಂದ ಗ್ವಾಲಿಯರ್, ಆಗ್ರಾ, ಫತೇಪುರ ಸಿಕ್ರಿ, ಹೀಗೆ ವರ್ಗವಾದಲ್ಲೆಲ್ಲ ಮಗಳನ್ನೂ ಕರೆದುಕೊಂಡು ತಿರುಗಿದರು. ಬೇರೆ ಮಕ್ಕಳು ಅಂಗಳದಲ್ಲಿ ಆಡಿದ ಹಾಗೆ ಈ ಹುಡುಗಿ ಅರಮನೆಗಳಲ್ಲಿ ಆಡಿ ಬೆಳೆದಳು. ಹದಿನಾರಕ್ಕೆ ಮದುವೆಯಾಗಿ ಧಾರವಾಡಕ್ಕೆ ಮರಳಿದ ಮೇಲೆ ಉತ್ತರದ ಕಡೆ ಹೋಗಿಯೇ ಇರಲಿಲ್ಲ. ಜರ್ಸಿಗೆ ಬಂದ ಕೆಲವು ವರ್ಷಕ್ಕೆ, ನಮ್ಮ ಎರಡನೆಯ ಚಳಿಗಾಲದಲ್ಲಿ, ಯಜಮಾನರಿಗೆ ಲಕ್ವಾ ಹೊಡೆಯಿತು. ಅವರನ್ನು ಬಿಟ್ಟು ಒಂದು ದಿನವೂ ಕದಲುವ ಹಾಗಿರಲಿಲ್ಲ.

ಹಾಗಾಗಿ ಅವರು ಬೇರೆಯವರನ್ನು ಕಳಿಸುತ್ತಿದ್ದರು. ರಜೆಗೆ ಊರಿಗೆ ಹೊರಟ ಕನ್ನಡದವರಿಗೆ ದೆಹಲಿಯಲ್ಲಿ ಇಳಿದು 'ನಾರ್ತ್ ಇಂಡಿಯಾ ಟೂರ್' ಮುಗಿಸಿಯೇ ಬೆಂಗಳೂರಿಗೆ ಹೋಗಬೇಕು ಅನ್ನುವ ಆಸೆ. ಭಾನುವಾರ ಮಧ್ಯಾಹ್ನ ನ್ಯೂಯಾರ್ಕಿನ ಫ್ಲಶಿಂಗ್‌ನಿಂದ ರೈಲು ಬದಲಿಸಿಕೊಂಡು ಬಂದವರು ವೈನಿಯವರ ಅಡಿಗೆಮನೆಯ ಮೇಜಿನ ಸುತ್ತ ಕೂರುತ್ತಿದ್ದರು. ವೈನಿಯವರ ಬಳಿ ಒಂದು ಶೂ ಡಬ್ಬಿ; ಅದರಲ್ಲಿ ಊರಿಗೊಂದು ರಟ್ಟಿನ ವಿಭಾಗ, ಕಟ್ಟಡಕ್ಕೊಂದು ಕಾರ್ಡು. ಹೋಗುವವರಿಗೆ ನೀಲಿ ಶಾಯಿಯಲ್ಲಿ ನಕಲು ಮಾಡಿ ಕೊಡುತ್ತಿದ್ದರು. 'ಕುತುಬ್: ಮಿನಾರ್ ಎಲ್ಲರೂ ನೋಡುತ್ತಾರೆ. ಪಕ್ಕದ ಕಂಬಗಳನ್ನು ನೋಡಿ, ಒಂದರಂತೆ ಒಂದಿಲ್ಲ.' 'ತುಘಲಕಾಬಾದ್: ನೀರು ಒಯ್ಯಿರಿ.' 'ಗ್ವಾಲಿಯರ್ ಕೋಟೆ: ಟಾಂಗಾ ಬೇಡ, ನಡೆದು ಹತ್ತಿ.' ಎಲ್ಲ ಕಾರ್ಡಿನ ಕೊನೆಗೂ ಒಂದೇ ಸಾಲು: 'ಮೊದಲು ಮುಟ್ಟಿ, ಆಮೇಲೆ ನೋಡಿ.'

ಒಮ್ಮೆ ಒಬ್ಬ ಎಂಜಿನಿಯರು, "ವೈನಿ, ತಾಜ್ ಮಹಲಿಗೆ ಒನ್ ಅವರ್ ಸಾಕಲ್ವಾ? ಕನೆಕ್ಟಿಂಗ್ ಫ್ಲೈಟ್ ಟೈಟ್ ಇದೆ" ಎಂದರು.

"ಒಂದ ತಾಸಿನ್ಯಾಗ ಮುಗಸೂದಿದ್ರ ಯಾಕ ಇಳೀತೀರಿ? ಏರ್‌ಪೋರ್ಟಿನಾಗ ಪೋಸ್ಟ್‌ಕಾರ್ಡ್ ತಗೊಂಡು ಸೀದಾ ಬೆಂಗ್ಳೂರಿಗೆ ಹೋಗ್ರಿ. ನಿಮ್ಮ ಅವ್ವ ಹೋಳಿಗಿ ಮಾಡಿಟ್ಟು ದಾರಿ ಕಾಯ್ತಿರತಾರ."

ಎಲ್ಲರೂ ನಕ್ಕರು. ಎಂಜಿನಿಯರು ತಾಜ್‌ಗೆ ಒಂದು ಇಡೀ ದಿನ ಬರೆಸಿಕೊಂಡು ಹೋದರು.

ಎಪ್ಪತ್ತನಾಲ್ಕರ ಜನವರಿಯಲ್ಲಿ ನಮ್ಮ ಸರದಿ ಬಂತು. ಹದಿನೇಳು ಕಾರ್ಡು ಬರೆದುಕೊಟ್ಟರು. ಫತೇಪುರ ಸಿಕ್ರಿಯ ಕಾರ್ಡು ಕೊಡುವಾಗ ಮಾತ್ರ ಕೈಯಲ್ಲೇ ಹಿಡಿದುಕೊಂಡರು.

"ನಿಮ್ಮ ಕ್ಯಾಮೆರಾ ಛಲೋ ಅದ. ಒಂದು ಫೋಟೋ ತರ್ರಿ, ಪೇಪರಿನವ್ರ. ಮತ್ತೇನೂ ಬ್ಯಾಡ."

ಅಲ್ಲಿನ ಒಂದು ಪಡಸಾಲೆಯಲ್ಲಿ ಸೂರನ್ನು ಹೊರಲು ಕಂಬದಿಂದ ಚಾಚಿದ ಕಲ್ಲಿನ ತೋಳುಗಳ ಸಾಲು ಇದೆಯಂತೆ. ಎಲ್ಲದರ ಮೇಲೂ ಹೂವು ಬಳ್ಳಿಯ ಕೆತ್ತನೆ. ಅವರ ತಂದೆಯ ಕಾಲಕ್ಕೆ ಮೂರನೆಯ ತೋಳು ಮುರಿದು ಬಿದ್ದಿತ್ತು. ಹೊಸದನ್ನು ಮಾಡಲು ಬಂದ ಕಲ್ಲುಕುಟಿಗ ಮುದುಕ ನಿಪುಣ. ಉಳಿದವುಗಳ ಹಾಗೆಯೇ ಕೆತ್ತಿಕೊಡುತ್ತೇನೆ, ಯಾವುದು ಹೊಸದು ಎಂದು ದೇವರಿಗೂ ಗೊತ್ತಾಗುವುದಿಲ್ಲ ಎಂದನಂತೆ.

"ಅಪ್ಪ ಅಂದ್ರು, ಅದಕ್ಕ ಬ್ಯಾಡ ಅನ್ನೂದು. ನಾಳೆ ಬಂದು ನೋಡಾಂವ ಮೋಸ ಹೋಗಬಾರದು. ಕಲ್ಲು ಭಾರ ಹೊತ್ರ ಸಾಕು, ಕೆತ್ತನಿ ಬ್ಯಾಡ, ಸಪ್ಪೆ ಇರ್ಲಿ. ಕೆಳಗ ಮೂಲ್ಯಾಗ ಇಸವಿ ಹಾಕು." ವೈನಿ ಹೆಬ್ಬೆರಳು ಎತ್ತಿ ತೋರಿಸಿದರು. "ಆ ಮುದುಕ ಸಿಟ್ಟಿಲೆ ಇಸವಿ ಕೊರೀಲಿಕ್ಕೆ ಹತ್ತಿದ್ದಾ. ನಾ ಕೆಳಗ ನಿಂತು ನೋಡ್ತಿದ್ದೆ, ಒಂಬತ್ತು ವರ್ಷದಾಕಿ. ಉಳಿ ಜಾರಿ ಬಿತ್ತು."

ನಾನು ನಕ್ಕೆ. ಅವರು ನಗಲಿಲ್ಲ.

"ಅಪ್ಪಂದು ಅಂತ ನನ್ನ ಹತ್ರ ಒಂದು ಚೀಟಿನೂ ಇಲ್ಲ. ಯಾರೂ ಅದರ ಫೋಟೋ ತಗಿಯೂದಿಲ್ಲ, ಸಪ್ಪೆ ಕಲ್ಲು. ನೀವು ತಗೀರಿ. ನಾ ಇನ್ನ ಅಲ್ಲಿಗೆ ಹೋಗೂದಿಲ್ಲ, ನನಗ ಗೊತ್ತದ."

ತರುತ್ತೇನೆ ಎಂದೆ.

ದೆಹಲಿಯಲ್ಲಿ ಮೂರು ದಿನ, ಆಗ್ರಾದಲ್ಲಿ ಎರಡು. ಕಾರ್ಡು ಹಿಡಿದು ಎಲ್ಲ ನೋಡಿದೆವು, ಮುಟ್ಟಿದೆವು. ಆಗ್ರಾದ ಮೂರನೆಯ ದಿನ ಬೆಳಿಗ್ಗೆ ಸಿಕ್ರಿಗೆ ಹೋಗಲು ಟ್ಯಾಕ್ಸಿಗೆ ಹೇಳಿಟ್ಟಿದ್ದೆವು. ನಾನು ಹೋಗಲಿಲ್ಲ. ಜ್ವರ ಇರಲಿಲ್ಲ, ಮಳೆ ಬಂದಿರಲಿಲ್ಲ, ಟ್ಯಾಕ್ಸಿ ಕೆಟ್ಟಿರಲಿಲ್ಲ. ನನಗೆ ಸಾಕಾಗಿತ್ತು, ಅಷ್ಟೇ. ಹೋಟೆಲಿನ ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿದ್ದರು, ಎಳೆ ಬಿಸಿಲಿತ್ತು, ಆಮ್ಲೆಟ್ಟು ಬಂದಿತ್ತು.

"ಹೋಗಿಬನ್ನಿ, ವೈನಿ ಅಷ್ಟು ಹೇಳಿದಾರೆ. ನಾನೂ ಬರ್ತೀನಿ" ಎಂದಳು ನನ್ನ ಹೆಂಡತಿ.

"ಮಧ್ಯಾಹ್ನ ನೋಡೋಣ" ಎಂದೆ. ಮಧ್ಯಾಹ್ನ ಅಮೃತಶಿಲೆಯ ಡಬ್ಬಿ ಕೊಳ್ಳಲು ಹೋದೆವು. ಸಂಜೆ ರೈಲು.

ಜರ್ಸಿಗೆ ಮರಳಿ ಫಿಲ್ಮ್ ತೊಳೆಸಿದಾಗ ಆಗ್ರಾ ಕೋಟೆಯಲ್ಲಿ ಹತ್ತಿರದಿಂದ ತೆಗೆದ ಒಂದು ಚಿತ್ರ ಸಿಕ್ಕಿತು. ಕೆಂಪು ಕಲ್ಲಿನ ಒಂದು ತೋಳು, ಕೆತ್ತನೆ ಸವೆದು ಹೆಚ್ಚೂಕಡಿಮೆ ನುಣುಪಾಗಿತ್ತು. ಕೆಂಪು ಕಲ್ಲು ಎಲ್ಲಿದ್ದರೂ ಕೆಂಪು ಕಲ್ಲೇ ಎಂದುಕೊಂಡೆ. ಅದನ್ನು ದೊಡ್ಡದು ಮಾಡಿಸಿ, ಆಫೀಸಿನ ಟೈಪ್‌ರೈಟರಿನಲ್ಲೇ ವಿವರಣೆ ಟೈಪ್ ಮಾಡಿ ಹಿಂಬದಿಗೆ ಅಂಟಿಸಿದೆ: ಸ್ಥಳ, ಫತೇಪುರ ಸಿಕ್ರಿ, ಮೂರನೆಯ ತೋಳು. ಪತ್ರಿಕೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಆ ಮಧ್ಯಾಹ್ನವೇ ಕೆಲಸದಿಂದ ತೆಗೆಯುತ್ತಿದ್ದರು. ಅದು ಸರಿಯೆಂದು ನಾನೂ ಹೇಳುತ್ತಿದ್ದೆ.

ವೈನಿ ಕೈಯೊರೆಸಿಕೊಂಡು ಫೋಟೋ ತೆಗೆದುಕೊಂಡರು. ಕಿಟಕಿಯ ಹತ್ತಿರ ಹೋಗಿ ನಿಂತರು. ಹೆಬ್ಬೆರಳು ಫೋಟೋದ ಕೆಳಗಿನ ಮೂಲೆಗೆ ಹೋಯಿತು, ಅಲ್ಲೇ ಎರಡು ಸಲ ಓಡಾಡಿತು.

"ಇಸವಿ ಕಾಣ್ಸೂದಿಲ್ಲಲ್ಲ" ಎಂದರು.

"ನೆರಳು ಬಿದ್ದಿತ್ತು, ವೈನಿ."

"ಎಷ್ಟಕ್ಕ ಹೋಗಿದ್ರಿ?"

"ನೀವು ಬರೆದ ಹಾಗೇ. ಬೆಳಿಗ್ಗೆ ಹತ್ತಕ್ಕೆ."

ಅವರು ಫೋಟೋ ತಿರುಗಿಸಿ ಹಿಂಬದಿಯ ಚೀಟಿ ಓದಿದರು. ಆಮೇಲೆ, "ಹೌದ್ರಿ, ನೆರಳು ಬಿದ್ದಿರಬೇಕು" ಎಂದು, ಹಾಸಿಗೆಯಲ್ಲಿದ್ದ ಯಜಮಾನರಿಗೂ ತೋರಿಸಿದರು. "ನೋಡ್ರಿ, ಪೇಪರಿನವರು ಎಷ್ಟು ತ್ರಾಸ ತಗೊಂಡು ತಂದಾರ." ನಮಗೆ ಅವಲಕ್ಕಿ ಕೊಟ್ಟರು. ನಾನು ತಿಂದೆ.

ಮೆಟ್ಟಿಲು ಇಳಿಯುವಾಗ ನನ್ನ ಹೆಂಡತಿ ಹೇಳಿದಳು: "ಆ ಫೋಟೋ ತೆಗೆಯುವಾಗ ನಾನು ನಿಮ್ಮ ಪಕ್ಕದಲ್ಲೇ ಇದ್ದೆ." ಅಷ್ಟೇ ಹೇಳಿದಳು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಮನೆಯಲ್ಲಿ ಸೂಟ್‌ಕೇಸಿನಿಂದ ಸಿಕ್ರಿಯ ಕಾರ್ಡನ್ನು ಹುಡುಕಿ ತೆಗೆದು ಓದಿದೆ. ಹತ್ತಕ್ಕೆ ಹೋಗಬೇಕು ಎಂಬುದರಿಂದ ಮುಂದಕ್ಕೆ ಅಲ್ಲಿಯವರೆಗೆ ಓದಿರಲಿಲ್ಲ. ಕೊನೆಯ ಸಾಲಿಗೂ ಮೊದಲು ಹೀಗಿತ್ತು: 'ಹತ್ತಕ್ಕೇ ಹೋಗಿ. ಆ ಹೊತ್ತಿಗೆ ಬಿಸಿಲು ನೇರ ಕಲ್ಲಿನ ಮೇಲೆ ಬೀಳುತ್ತದೆ. ನೆರಳಿರುವುದಿಲ್ಲ.'

ಮೇಲೆ ಹೋಗಿ ನಿಜ ಹೇಳಬಹುದಿತ್ತು. ಮಧ್ಯೆ ಇದ್ದದ್ದು ಹದಿನೆಂಟು ಮೆಟ್ಟಿಲು. ನಾಲ್ಕು ವರ್ಷ ಅವುಗಳನ್ನು ಹತ್ತಿ ಇಳಿದೆ, ಹೇಳಲಿಲ್ಲ. ವೈನಿಯವರ ನಡೆಯಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಾಗಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದರು. ಪತ್ರಿಕೆಯಲ್ಲಿ ಏನಾದರೂ ತಪ್ಪಾದರೆ, "ಏನ್ರಿ ಪೇಪರಿನವ್ರ, ಇವತ್ತ ಗವರ್ನರನ ಹೆಸರ ಉಲ್ಟಾ ಹಾಕೀರಿ?" ಎಂದು ಛೇಡಿಸುತ್ತಿದ್ದರು. ಫೋಟೋ ಮಾತ್ರ ಅವರ ಗೋಡೆಯ ಮೇಲೆ ಎಂದೂ ಕಾಣಲಿಲ್ಲ.

ಮರುವರ್ಷ ನಮ್ಮ ಸ್ನೇಹಿತರೊಬ್ಬರು ಹೊರಟಾಗ ಅವರ ಕಾರ್ಡುಗಳನ್ನು ನನಗೆ ತೋರಿಸಿದರು. ಫತೇಪುರ ಸಿಕ್ರಿಯ ಕಾರ್ಡಿನಲ್ಲಿ ಪಡಸಾಲೆಯೂ ಇರಲಿಲ್ಲ, ಮೂರನೆಯ ತೋಳೂ ಇರಲಿಲ್ಲ.

"ಫೋಟೋ ಏನಾದರೂ ತರಕ್ಕೆ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲಪ್ಪ. ನಾನೇ ಕೇಳಿದೆ. ಬೇಡ, ಪೇಪರಿನವರು ತಂದುಕೊಟ್ಟಿದ್ದಾರೆ ಅಂದರು."

ಆಗ ನನಗೆ ಪೂರ್ತಿ ಅರ್ಥವಾಯಿತು. ಇನ್ನೊಬ್ಬರಿಗೆ ಹೇಳಿ ಅವರು ನಿಜವಾದ ಕಲ್ಲಿನ ಫೋಟೋ ತಂದರೆ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ನನ್ನ ಸುಳ್ಳು ಕಾಣುತ್ತಿತ್ತು. ನನ್ನ ಮರ್ಯಾದೆ ಉಳಿಸಲು ವೈನಿ ಕೇಳುವುದನ್ನೇ ನಿಲ್ಲಿಸಿದ್ದರು. ಆ ನಾಲ್ಕು ವರ್ಷದಲ್ಲಿ ನನಗೆ ತಿಳಿದ ಹಾಗೆ ಹನ್ನೊಂದು ಕುಟುಂಬಗಳು ಅವರ ಕಾರ್ಡು ಹಿಡಿದು ಆಗ್ರಾಕ್ಕೆ ಹೋದವು. ಅವರಲ್ಲಿ ಯಾರಾದರೂ ತರುತ್ತಿದ್ದರು. ನಾನು ಅವರಿಗೆ ಒಂದು ಸುಳ್ಳು ಫೋಟೋ ಕೊಟ್ಟೆ ಎನ್ನುವುದು ಸಣ್ಣ ಮಾತು. ನಿಜವಾದದ್ದು ಅವರ ಕೈಗೆ ಬರುವ ದಾರಿಯನ್ನೂ ಮುಚ್ಚಿದೆ. ಅದು ಗೊತ್ತಾದ ಮೇಲೂ ಸುಮ್ಮನಿದ್ದೆ.

ಎಪ್ಪತ್ತೆಂಟರ ಮಾರ್ಚಿನಲ್ಲಿ ಒಂದು ಸೋಮವಾರ ವೈನಿ ಇಸ್ತ್ರಿ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಬಂದಳು. ಯಜಮಾನರನ್ನು ಅವರ ತಮ್ಮ ಕರೆದುಕೊಂಡು ಹೋದರು. ಮನೆ ಖಾಲಿ ಮಾಡುವ ದಿನ ಆ ಹುಡುಗಿ ಶೂ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಂಕಲ್, ದಿಸ್ ಈಸ್ ಫಾರ್ ಯೂ. ಅಮ್ಮ ಯಾವಾಗಲೂ ಹೇಳ್ತಿದ್ಲು, ನಾ ಹೋದಮ್ಯಾಲೆ ಇದು ಪೇಪರಿನವರಿಗೆ, ಮಂದಿಗೆ ದಾರಿ ಅವರ ಹೇಳ್ಲಿ ಅಂತ."

ಡಬ್ಬಿಯನ್ನು ಎರಡು ವಾರ ಬಿಚ್ಚಲಿಲ್ಲ. ಬಿಚ್ಚಿದಾಗ ಮೊದಲು 'ಫತೇಪುರ ಸಿಕ್ರಿ' ಎಂಬ ವಿಭಾಗ ನೋಡಿದೆ. ನನ್ನ ಫೋಟೋ ಅಲ್ಲಿರಲಿಲ್ಲ. ಅದು 'ಆಗ್ರಾ' ವಿಭಾಗದಲ್ಲಿತ್ತು, ಕೋಟೆಯ ಕಾರ್ಡಿನ ಹಿಂದೆ. ತಿರುಗಿಸಿದೆ. ನಾನು ಅಂಟಿಸಿದ ಚೀಟಿ ಹಾಗೇ ಇತ್ತು. ಕಿತ್ತಿರಲಿಲ್ಲ, ಒಂದು ಅಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ವೈನಿಯವರ ಗುಂಡನೆಯ ಅಕ್ಷರ: 'ಆಗ್ರಾ ಕೋಟೆ, ಜಹಾಂಗೀರಿ ಮಹಲಿನ ಅಂಗಳ. ಹಳೆಯ ಕಲ್ಲು.' ಪಕ್ಕದಲ್ಲಿ, ಮೂಲೆಯಲ್ಲಿ, ಇಸವಿ. ನಾನು ಫೋಟೋ ಕೊಟ್ಟ ವರ್ಷವೇ.

ಹತ್ತು ವರ್ಷ ತಿದ್ದುಪಡಿ ಬರೆದು ಬದುಕಿದವನು ನಾನು. ಅಷ್ಟು ಚಿಕ್ಕದಾದ, ಅಷ್ಟು ಸರಿಯಾದ ತಿದ್ದುಪಡಿಯನ್ನು ನಾನು ಬರೆದಿಲ್ಲ.

ಮುಂದಿನ ಚಳಿಗಾಲ ಒಬ್ಬನೇ ಹೋದೆ. ಆಗ್ರಾದಿಂದ ಸಿಕ್ರಿಗೆ ಟ್ಯಾಕ್ಸಿಯಲ್ಲಿ ಒಂದು ಗಂಟೆ. ಹಳೆಯ ಕಾರ್ಡು ಕೈಯಲ್ಲಿತ್ತು. ಪಡಸಾಲೆ ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು, ಎರಡು, ಹೂವು ಬಳ್ಳಿ. ಮೂರನೆಯದು ಸಪ್ಪೆ. ಕೈ ಮೇಲೆತ್ತಿದರೆ ಅದರ ಕೆಳಗಿನ ಮೂಲೆ ಬೆರಳಿಗೆ ಸಿಗುತ್ತದೆ. ಮೊದಲು ಮುಟ್ಟಿದೆ. ಕೊರೆದ ಅಂಕಿಗಳು ಒರಟಾಗಿದ್ದವು, ಸಿಟ್ಟಿನಲ್ಲಿ ಕೊರೆದವನ ಕೈ. ಕೊನೆಯ ಅಂಕಿಯ ಬಾಲ ಜಾರಿ ಉದ್ದಕ್ಕೆ ಹೋಗಿತ್ತು. ಉಳಿ ಬಿದ್ದದ್ದು ಅಲ್ಲಿಂದ.

ಗಡಿಯಾರ ನೋಡಿದೆ. ಹತ್ತು ಗಂಟೆ. ಕಲ್ಲಿನ ಮೇಲೆ ನೆರಳಿರಲಿಲ್ಲ.