ಮಧ್ಯದ ಸ್ಪೀಕರ್

ಆ ವರ್ಷ ಹಾಸನದ ನಮ್ಮ ಮನೆಯಲ್ಲಿ ಸಂಜೆ ಟಿವಿ ಹಾಕುವ ಹೊತ್ತಾಯಿತೆಂದರೆ ಜಗಳದ ಹೊತ್ತೂ ಆಯಿತೆಂದೇ ಲೆಕ್ಕ. ಮಾವನ ಕಿವಿ ಮಂದವಾಗಿತ್ತು. ಶಬ್ದ ಕೇಳುತ್ತಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಅವರು ವಾಲ್ಯೂಮ್ ಏರಿಸುವುದು, ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದ ಮಗಳು ಕೋಣೆಯ ಬಾಗಿಲು ದಬ್ಬಿಕೊಳ್ಳುವುದು, ನನ್ನ ಗಂಡ ರಿಮೋಟ್ ಕಿತ್ತುಕೊಂಡು ಇಳಿಸುವುದು. ದಿನವೂ ಇದೇ. ಕಿವಿಗೆ ಮೆಷಿನ್ ಹಾಕಿಸಿದ್ದೆವು. ಅದು ಕುಯ್ಯೆನ್ನುತ್ತದೆಂದು ಮಾವ ಅದನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಮಲಗಿಸಿಬಿಟ್ಟಿದ್ದರು.

ಇನ್ನೊಂದನ್ನು ನಾನು ಗಮನಿಸಿದ್ದೆ. ಧಾರಾವಾಹಿಯಲ್ಲಿ ನಗುವ ಮಾತು ಬಂದರೆ ಮಾವ ಟಿವಿ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದರು. ನಾವು ನಕ್ಕ ಮೇಲೆ, ಒಂದು ಕ್ಷಣ ತಡವಾಗಿ, ಅವರೂ ನಗುತ್ತಿದ್ದರು.

ದಸರೆಯ ಹೊತ್ತಿಗೆ ಗಂಡ ತೀರ್ಮಾನ ಮಾಡಿಬಿಟ್ಟರು. ಹಿಂದಿನ ಕೋಣೆಗೆ ಒಂದು ಸಣ್ಣ ಟಿವಿ. ವಿಜಯದಶಮಿಯ ದಿನ ಕೇಬಲ್‌ನವನು ಬಂದು ಅಲ್ಲಿಗೆ ವೈರ್ ಎಳೆಯುವುದು.

"ಅಪ್ಪ ಅಲ್ಲಿ ಬಾಗ್ಲು ಹಾಕ್ಕೊಂಡು ಎಷ್ಟು ಬೇಕೋ ಅಷ್ಟು ಸೌಂಡ್ ಇಟ್ಕೊಳ್ಲಿ. ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ," ಅಂದರು.

ಹಿಂದಿನ ಕೋಣೆಯಲ್ಲಿ ಅಕ್ಕಿ ಮೂಟೆ, ಸುಲಿಯದ ಕಾಯಿಯ ರಾಶಿ. ಮಾವ ಚನ್ನರಾಯಪಟ್ಟಣದ ತೆಂಗಿನ ಮಾರ್ಕೆಟ್ಟಿನಲ್ಲಿ ಜನರ ನಡುವೆಯೇ ಬಾಳಿದವರು. ಒಮ್ಮೆ ಆ ಕೋಣೆ ಸೇರಿದರೆ ಊಟಕ್ಕೂ ತಟ್ಟೆ ಅಲ್ಲಿಗೇ ಹೋಗುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ದಿವಾನ್ ಮಂಚದ ಕೆಳಗೆ ಒಂದು ಹೋಮ್ ಥಿಯೇಟರ್ ಧೂಳು ತಿನ್ನುತ್ತಿತ್ತು. ಗೊರೂರು ಅಣೆಕಟ್ಟಿನ ಕ್ವಾರ್ಟರ್ಸ್‌ನಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಗಂಡನಿಗೆ ಕೊಟ್ಟುಹೋದದ್ದು. ಕಪ್ಪು ಪೆಟ್ಟಿಗೆಯಂಥ ರಿಸೀವರ್, ಐದು ಸ್ಪೀಕರ್, ಒಂದು ವೂಫರ್. ಅದರ ಇಂಗ್ಲಿಷ್ ಪುಸ್ತಕವನ್ನು ಅಡುಗೆ ಮಾಡುತ್ತಲೇ ಓದಿದೆ. ಮಾತೆಲ್ಲ ಬರುವುದು ಟಿವಿಯ ಕೆಳಗಿಡುವ ಮಧ್ಯದ ಸ್ಪೀಕರಿನಿಂದ, ಅದೊಂದನ್ನೇ ಬೇಕಾದಷ್ಟು ಏರಿಸಬಹುದು ಎಂದಿತ್ತು. ವೈರ್ ಎಳೆಸುವ ಮೊದಲು ಇದನ್ನೊಮ್ಮೆ ನೋಡೋಣ ಅಂದೆ.

"ಕಾನ್ವೆಂಟ್‌ನೋಳಲ್ವಾ, ನೀನೇ ಜೋಡ್ಸು," ಅಂದರು ಗಂಡ. "ಆಯುಧಪೂಜೆ ಸಾಯಂಕಾಲ ಹಾಕಿ ನೋಡೋಣ. ಆಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ಬೇಡ."

ಹಬ್ಬದ ಹಿಂದಿನ ದಿನ ಮಾವ ಅರಕಲಗೂಡಿಗೆ ನೆಂಟರ ಮನೆಗೆ ಹೋಗಿದ್ದರು. ನಾನು ಪ್ಲಗ್ ಕಿತ್ತಿಟ್ಟು ಕೂತೆ. ಟಿವಿಯಿಂದ ಬರುವ ಕೆಂಪು-ಬಿಳಿ ವೈರನ್ನು ಮೊದಲು ರಿಸೀವರಿನ ತಪ್ಪು ತೂತಿಗೆ ಸಿಕ್ಕಿಸಿದೆ. ಪುಸ್ತಕದ ಚಿತ್ರದಲ್ಲಿ ಹಾಗಿರಲಿಲ್ಲ. ಆಮೇಲೆ ತಿಳಿಯಿತು, ಟಿವಿಯ "ಔಟ್" ಬಂದು ಸೇರಬೇಕಾದದ್ದು ಇದರ "ಇನ್"ಗೆ. ಸ್ಪೀಕರಿನ ವೈರುಗಳ ತುದಿ ಬ್ಲೇಡಿನಿಂದ ಸುಲಿದರೆ ಒಳಗೆ ಕೂದಲೆಳೆಯಂಥ ತಾಮ್ರದ ಎಳೆಗಳು. ದೀಪದ ಬತ್ತಿ ಹೊಸೆದ ಹಾಗೆ ಹೊಸೆದು, ಕೆಂಪು ತಿರುಪಿಗೊಂದು, ಕಪ್ಪು ತಿರುಪಿಗೊಂದು ಬಿಗಿದೆ. ಎರಡೂ ಕಡೆಯ ಒಂದೇ ಒಂದು ಎಳೆಯೂ ಪರಸ್ಪರ ತಾಗಬಾರದು, ತಾಗಿದರೆ ರಿಸೀವರ್ ತಾನಾಗಿಯೇ ಆರಿಹೋಗುತ್ತದೆ ಎಂದು ಪುಸ್ತಕ ದಪ್ಪ ಅಕ್ಷರದಲ್ಲಿ ಎಚ್ಚರಿಸಿತ್ತು. ಮಾವನ ಕುರ್ಚಿಯಿಂದ ಪ್ರತಿ ಸ್ಪೀಕರ್ ಎಷ್ಟು ದೂರ ಎಂದು ಹೊಲಿಗೆಯ ಟೇಪು ಹಿಡಿದು ಅಳೆದು, ಗುಂಡಿ ಒತ್ತಿ ರಿಸೀವರಿಗೆ ಹೇಳಿದೆ. ಪರೀಕ್ಷೆಯ ಗುಂಡಿ ಒತ್ತಿದಾಗ "ಶ್" ಎಂಬ ಸದ್ದು ಒಂದೊಂದೇ ಸ್ಪೀಕರಿನಿಂದ ಹೊರಟು ಹಜಾರವನ್ನು ಸುತ್ತಿತು.

ಒಳಗಿನಿಂದ ಅತ್ತೆ ಓಡಿಬಂದರು. "ಕುಕ್ಕರ್ ಕೂಗಂಗಾಯ್ತಲ್ಲವ್ವಾ. ಒಲೆ ಮ್ಯಾಲೆ ಏನಿಕ್ಕಿದ್ದೀಯೆ?"

ಮಧ್ಯದ್ದನ್ನು ಏರಿಸಿ, ಗುಮ್ಮೆನ್ನುವ ವೂಫರನ್ನು ಇಳಿಸಿದೆ. ವಾರ್ತೆ ಓದುವವಳ ಮಾತು ಪಕ್ಕದಲ್ಲಿ ಕೂತು ಹೇಳಿದಂತೆ ಬಂತು. ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಸಂಜೆ ಮಾವ ಒಗೆದ ಪಂಚೆಯುಟ್ಟು ಕುರ್ಚಿಯಲ್ಲಿ ಕೂತರು. ಕೈ ಆಗಲೇ ಕಿವಿಯ ಹಿಂದಿತ್ತು. ಇದು ತಮಗಾಗಿ ಎಂದು ಅತ್ತೆ ಅವರಿಗೆ ಕೂಗಿ ಹೇಳಿದ್ದರು. ರಿಸೀವರಿನ ನೆತ್ತಿಯ ಮೇಲೆ ಬೆಳಗಿನ ಪೂಜೆಯ ಸೇವಂತಿಗೆ. ನಾನು ಗುಂಡಿ ಒತ್ತಿದೆ. ಟಕ್ ಎಂದಿತು. ದೀಪ ಹತ್ತಿತು, ಮತ್ತೆ ಟಕ್ ಎಂದು ಆರಿತು. ಗಾಜಿನ ಮೇಲೆ ಒಂದೇ ಪದ ಮಿನುಗಿತು: ಪ್ರೊಟೆಕ್ಟ್.

"ಏನಂತೆ?" ಎಂದರು ಗಂಡ.

"ತನ್ನನ್ನ ತಾನು ಕಾಪಾಡ್ಕೊತಿದೆಯಂತೆ."

"ಯಾರಿಂದ, ನಮ್ಮಪ್ಪನಿಂದ್ಲಾ?" ಅವರು ಜೇಬಿನಿಂದ ಮೊಬೈಲ್ ತೆಗೆದರು. "ಸಾಕು ಬಿಡು. ನಾಳೆ ಬೆಳಿಗ್ಗೆನೇ ಬರೋಕೆ ಹೇಳ್ತೀನಿ ಕೇಬಲ್‌ನೋನಿಗೆ."

"ಸುರುವಾಯ್ತಾ?" ಮಾವ ಕೇಳಿದರು. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಹಿಂಭಾಗಕ್ಕೆ ಬಗ್ಗಿದೆ. ಪ್ರತಿ ತಿರುಪಿನ ಮೇಲೂ ಗಂಧ, ಗಂಧದ ಮೇಲೆ ಕುಂಕುಮ. ಕಪ್ಪು ಯಾವುದು, ಕೆಂಪು ಯಾವುದು ಗೊತ್ತಾಗದಂತೆ ಎಲ್ಲವೂ ಕೆಂಪು. ಬೆಳಿಗ್ಗೆ ಅರಕಲಗೂಡಿನಿಂದ ಬಂದ ಮಾವ ಸ್ನಾನ ಮಾಡಿ ಸ್ಕೂಟರ್, ಮಿಕ್ಸಿ, ನನ್ನ ಹೊಲಿಗೆ ಮೆಷಿನ್ ಎಲ್ಲಕ್ಕೂ ಪೂಜೆ ಮಾಡಿದ್ದರು. ತೋಟದ ಪಂಪ್‌ಸೆಟ್ಟಿಗೆ ಮಾಡುತ್ತಿದ್ದಂತೆ, ಕರೆಂಟು ಹೋಗುವ ಬಾಯಿಗೆಲ್ಲ ಒಂದೊಂದು ಬೊಟ್ಟು. ನಾನು ಅಡುಗೆಮನೆಯಿಂದ "ಹಿಂದುಗಡೆ ಮುಟ್ಟಬೇಡಿ ಮಾವ" ಎಂದು ಕೂಗಿದ್ದೆ. ಕೇಳಿಸಿದ್ದರಲ್ಲವೇ.

"ಅಲ್ಲೇನ್ ಹುಡುಕ್ತಿದ್ದೀಯ? ರಿಂಗ್ ಆಗ್ತಿದೆ," ಅಂದರು ಗಂಡ.

"ಒಂದ್ನಿಮಿಷ ಕಟ್ ಮಾಡಿ."

ದೇವರ ಮನೆಯ ಹತ್ತಿ ತಂದು ಒರೆಸುತ್ತ ಹೋದೆ. ಮಧ್ಯದ ಸ್ಪೀಕರಿನ ಜೋಡಿಗೆ ಬಂದಾಗ ಟಾರ್ಚಿನ ಬೆಳಕಿನಲ್ಲಿ ಏನೋ ಹೊಳೆಯಿತು. ಅವರ ದಪ್ಪ ಬೆರಳು ಒತ್ತಿದ ರಭಸಕ್ಕೆ ನಾನು ಹೊಸೆದ ಎಳೆಗಳು ಕೆದರಿದ್ದವು. ಅದರಲ್ಲೊಂದು ಕೆಂಪಿನಿಂದ ಕಪ್ಪಿಗೆ ಸೇತುವೆಯಂತೆ ಒರಗಿಕೊಂಡು, ಕುಂಕುಮದಡಿ ಅಡಗಿತ್ತು.

"ನಾನಿಕ್ಕಿದ್ದು ಏನಾರ ತೊಂದ್ರೆ ಆಯ್ತೇನವ್ವಾ?" ಮಾವ ಕೇಳಿದರು. ನನ್ನ ಕೈಯ ಕೆಂಪು ಹತ್ತಿ ಅವರಿಗೆ ಕಂಡಿತ್ತು.

ನಾನು ಇಲ್ಲವೆಂದು ತಲೆಯಾಡಿಸಿದೆ. ಎಳೆಗಳನ್ನು ಮತ್ತೆ ಬಿಗಿಯಾಗಿ ಹೊಸೆದು ತಿರುಪಿದೆ. ಬಿಸಿ ಗಾಳಿ ಹೋಗುವ ಕಿಂಡಿಯ ಮೇಲಿದ್ದ ಹೂವನ್ನು ಎತ್ತಿ ಮುಂದಿಟ್ಟೆ. ಕುಂಕುಮದ ಬಟ್ಟಲನ್ನು ಮಾವನ ಮುಂದೆ ಹಿಡಿದು, ರಿಸೀವರಿನ ಹಣೆಯಂತಿದ್ದ ಮುಂಭಾಗವನ್ನು ತೋರಿಸಿದೆ. ಅವರು ಎದ್ದುಬಂದು ಅಲ್ಲಿ ಒಂದು ಬೊಟ್ಟಿಟ್ಟು, ಹೋಗಿ ಕೂತರು.

ಪ್ಲಗ್ ಸಿಕ್ಕಿಸಿ ಗುಂಡಿ ಒತ್ತಿದೆ. ಟಕ್. ದೀಪ ಹತ್ತಿತು. ನಾನು ಎರಡನೆಯ ಟಕ್‌ಗೆ ಕಾದೆ. ಬರಲಿಲ್ಲ.

ಹಾಸ್ಯದ ಧಾರಾವಾಹಿಯೊಂದು ನಡೆಯುತ್ತಿತ್ತು. ವಾಲ್ಯೂಮ್ ಏರಿಸಲಿಲ್ಲ, ನಮ್ಮ ದಿನದ ಅಳತೆಯಲ್ಲೇ ಇಟ್ಟೆ. ಅತ್ತೆ ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದರು. ಮಗಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಗಂಡನ ಕೈಯಲ್ಲಿ ಮೊಬೈಲ್ ಹಾಗೇ ಇತ್ತು. ಟಿವಿಯಲ್ಲಿ ಯಾರು ಏನು ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ.

ಮಾವನ ಕೈ ಕಿವಿಯ ಹಿಂದಿನಿಂದ ಮೆಲ್ಲಗೆ ಮಡಿಲಿಗೆ ಇಳಿಯಿತು. ಆಮೇಲೆ ಅವರು ಟಿವಿಯನ್ನೇ ನೋಡುತ್ತ, ಹೊಟ್ಟೆ ಕುಲುಕಿಸಿ ನಕ್ಕರು. ನಕ್ಕು ಮುಗಿಸಿ ನಮ್ಮ ಕಡೆ ತಿರುಗಿದರು. ಯಾರೂ ನಕ್ಕಿರಲಿಲ್ಲ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಯಾಕ್ರಲಾ, ನಿಮ್ಗೆ ಕೇಳ್ನಿಲ್ವಾ?" ಅಂದರು.

ಗಂಡ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಅವರ ಪಕ್ಕ ನೆಲದ ಮೇಲೆ ಕೂತರು.