ಕೆಂಪಿಗೊಂದು ಗಂಟು, ಹಸಿರಿಗೆರಡು

ನಮ್ಮ ಮನೆಯ ಚಿಕ್ಕ ಕೋಣೆಯಲ್ಲಿ ಒಂದು ವಿಮಾನವಿದೆ. ರೆಕ್ಕೆಯಿಲ್ಲ, ಬಾಲವಿಲ್ಲ, ಪೈಲಟ್ ಕೂರುವ ಜಾಗವಷ್ಟೇ, ಹಾರುವುದೆಲ್ಲ ಪರದೆಯ ಮೇಲೆ. ಒಂದು ಹಳೇ ಕಾರಿನ ಸೀಟು, ಅದರ ಮುಂದೆ ಎರಡು ಟಚ್‌ಸ್ಕ್ರೀನು, ಅವುಗಳ ಮೇಲೆ ತೂತು ಕೊರೆದ ಪ್ಲೈವುಡ್ ಹಲಗೆ, ಹಲಗೆಯಲ್ಲಿ ಹನ್ನೆರಡು ನಾಬು. ಇಷ್ಟು ಮಾಡುವುದಕ್ಕೆ ನಮ್ಮವರು ನಾಲ್ಕು ವರ್ಷ ತೆಗೆದುಕೊಂಡರು. ನಾನು ಬಟ್ಟೆ ಒಣಗಿಸುತ್ತಿದ್ದ ಕೋಣೆ ಅದು. ಈಗ ಬಟ್ಟೆ ನಡುಮನೆಯಲ್ಲಿ ಒಣಗುತ್ತದೆ, ಬಂದವರ ಮುಖಕ್ಕೆ ತಾಗುತ್ತದೆ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೇಳು ವರ್ಷ ಊರಿನವರನ್ನೆಲ್ಲ ಸಲೀಸಾಗಿ ಮೇಲೆ ಕೆಳಗೆ ಓಡಾಡಿಸಿ, ತಾವು ಮಾತ್ರ ಕತ್ತಲು ಗುಂಡಿಗಳಲ್ಲಿ ಏಣಿ ಹತ್ತಿ ಇಳಿದು ಮಂಡಿ ಸವೆಸಿಕೊಂಡವರು. ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಇಸ್ತ್ರಿ ಮಾಡುವವಳು. ದಿನಕ್ಕೆ ಮುನ್ನೂರು ಹಾಸು ನನ್ನ ಕೈಯಲ್ಲಿ ಹಾದುಹೋಗುತ್ತವೆ. ಸಂಜೆ ಇಬ್ಬರೂ ಎದುರುಬದುರು ಕೂತು, ಒಂದೇ ಡಬ್ಬಿಯ ಮುಲಾಮು ಅವರು ಮಂಡಿಗೆ, ನಾನು ಹಿಮ್ಮಡಿಗೆ ತಿಕ್ಕಿಕೊಳ್ಳುತ್ತೇವೆ. ನಮ್ಮ ಸಂಸಾರ ಅಂದರೆ ಇದೇ.

"ಇಷ್ಟು ಸುಸ್ತಾಗಿದ್ರೂ ಆ ಕೋಣೆಗೆ ಯಾಕ್ರೀ ಹೋಗ್ತೀರಾ?" ಎಂದರೆ, "ಅಲ್ಲಿ ಕೂತ್ಕೊಂಡೇ ಮೇಲೆ ಹೋಗ್ಬೋದು ಕಣೇ" ಎನ್ನುವರು.

ಎದುರುಮನೆಯ ಟೈಲರ್ ದಿನಾ ಕೇಳುವನು, "ಏನಕ್ಕಾ, ಭಾವನ ವಿಮಾನ ಎಲ್ಲಿಗೆ ಬಂತು?"

"ಇನ್ನೂ ಬಚ್ಚಲುಮನೆ ದಾಟಿಲ್ಲ ಕಣಪ್ಪಾ. ದಾರ ಇದ್ರೆ ಕೊಡು."

ದಾರ ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಮೂರನೇ ವಾರ ನಾನು ಹಸಿರು ಸೀರೆ ಉಟ್ಟು ನಿಂತಾಗ ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೆಂಪು ನಿನಗೆ ಚೆನ್ನಾಗಿ ಒಪ್ಪುತ್ತೆ" ಎಂದಿದ್ದರು. ತಮಾಷೆ ಅಂದುಕೊಂಡು ನಕ್ಕೆ. ಇವರು ನಗಲಿಲ್ಲ. ಆಮೇಲೆ ಬಾಯಿಬಿಟ್ಟರು. ಹತ್ತೊಂಬತ್ತರ ವಯಸ್ಸಿನಲ್ಲಿ ವಿಮಾನ ಕಲಿಯಲು ಅರ್ಜಿ ಹಾಕಿದ್ದರಂತೆ. ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆಗೆದು, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರಂತೆ. ಇವರಿಗೆ ಬರೀ ಚುಕ್ಕಿ ಕಂಡಿತು. ಕೆಂಪು, ಹಸಿರು ಎರಡೂ ಇವರ ಕಣ್ಣಿಗೆ ಒಂದೇ ಮಣ್ಣಿನ ಬಣ್ಣ. ಮನೆಯಲ್ಲಿ ಮಾತ್ರ ಲೆಕ್ಕದಲ್ಲಿ ಫೇಲಾದೆ ಎಂದು ಹೇಳಿ ಮುಗಿಸಿದರು. ಕಣ್ಣು ಸರಿಯಿಲ್ಲ ಎನ್ನುವುದಕ್ಕಿಂತ ದಡ್ಡ ಎನಿಸಿಕೊಳ್ಳುವುದೇ ಮೇಲು ಎನಿಸಿತಂತೆ, ಎಂಥ ಗಂಡಸೋ! ಲಿಫ್ಟಿನ ತಂತಿಗಳ ಮೇಲೆ ನಂಬರು ಇರುವುದರಿಂದ ಆ ಕೆಲಸ ಹೇಗೋ ನಡೆಯಿತು.

ಮನೆಯ ವಿಮಾನಕ್ಕೆ ನಂಬರಿನ ತಂತಿ ಎಲ್ಲಿಂದ ತರುವುದು? ಕಿತ್ತು ಬಿಸಾಡಿದ ಕೇಬಲ್ಲೇ ಗತಿ. ಅದರಲ್ಲಿ ಕಪ್ಪು, ಕೆಂಪು, ಹಸಿರು, ಇಷ್ಟೇ. ಒಂದೊಂದು ನಾಬಿಗೂ ಮೂರು ತಂತಿ. ಕಪ್ಪು ಇವರಿಗೆ ಗೊತ್ತಾಗುತ್ತದೆ. ಉಳಿದೆರಡಕ್ಕೆ ನಾನು ದಾರ ಸುತ್ತಿ ಗಂಟು ಹಾಕುತ್ತಿದ್ದೆ, ಕೆಂಪಿಗೊಂದು, ಹಸಿರಿಗೆರಡು. ಹಲಗೆಯ ಹಿಂದೆ ಕೈ ಹಾಕಿದಾಗ ಬೆರಳಿಗೇ ತಿಳಿಯಬೇಕು. ನಾನು ಗಂಟು ಹಾಕಿ ಕೊಟ್ಟರೆ ಮುಗಿಯಿತು, ಇವರು ಮತ್ತೆ ತಂತಿಗೆ ಮೀಟರ್ ಹಿಡಿದು ಪರೀಕ್ಷೆ ಮಾಡುತ್ತಿರಲಿಲ್ಲ.

ಬರೀ ಗಾಜು ಮುಟ್ಟಿದರೆ ಸಾಲದೇ, ನಾಬು ಯಾಕೆ ಎಂದು ಒಮ್ಮೆ ಕೇಳಿದ್ದೆ. "ಗಾಜಿನ ಮೇಲೆ ಬೆರಳು ಎಲ್ಲಿದೆ ಅಂತ ನೋಡ್ಬೇಕಾಗುತ್ತೆ. ಹಾರಿಸೋನ ಕಣ್ಣು ಹೊರಗಿರ್ಬೇಕು, ಕೈ ತಾನಾಗೇ ಹುಡುಕ್ಕೊಂಡು ಹೋಗ್ಬೇಕು" ಎಂದರು. ಅದಕ್ಕೇ ಒಂದು ನಾಬು ಹಳೇ ರೇಡಿಯೋದ್ದು, ಒಂದು ಗ್ಯಾಸ್ ಒಲೆಯದು, ಇನ್ನೊಂದು ಟೂತ್‌ಪೇಸ್ಟಿನ ಮುಚ್ಚಳ. ನನ್ನ ಒಲೆಯ ನಾಬು ಹೇಗೆ ಮುರಿಯಿತು ಎಂಬುದು ನನಗೆ ಆಗ ಅರ್ಥವಾಯಿತು.

ಹೋದ ವರ್ಷ ಡಾಕ್ಟರು ಇವರ ಮಂಡಿ ಹಿಡಿದು ನೋಡಿ, ಇನ್ನೊಂದು ವರ್ಷ ಏಣಿ ಹತ್ತಿದರೆ ಆಮೇಲೆ ಕೋಲೇ ಗತಿ ಎಂದರು. ಏಣಿ ಹತ್ತದ ಕೆಲಸ ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಅಷ್ಟರಲ್ಲಿ ಒಂದು ವಿಮಾನ ಕಲಿಸುವ ಶಾಲೆಯ ಲಿಫ್ಟು ಕೆಟ್ಟಿತು. ರಿಪೇರಿಗೆ ಹೋದ ಇವರು ಬಾಯಿ ತಡೆಯಲಾರದೆ ಅಲ್ಲಿನ ಮೇಷ್ಟ್ರಿಗೆ ಫೋನಿನಲ್ಲಿ ನಮ್ಮ ಕೋಣೆಯ ಫೋಟೋ ತೋರಿಸಿದರು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅಂಥ ನಾಬಿನ ಹಲಗೆ, ಅವರ ಮಾತಿನಲ್ಲಿ ಪ್ಯಾನೆಲ್, ಬೇಕಿತ್ತು. "ಭಾನುವಾರ ಬಂದು ನೋಡ್ತೀನಿ. ಸರಿಹೋದ್ರೆ ನೀವು ನಮ್ಮಲ್ಲೇ ಕೂತು ಮಾಡ್ಬೋದು" ಎಂದರಂತೆ. ಕೂತು! ಆ ಒಂದು ಮಾತನ್ನು ಇವರು ನನಗೆ ನಾಲ್ಕು ಸಲ ಹೇಳಿದರು.

ಶನಿವಾರ ಎತ್ತರದ ನಾಬು, ಎಂದರೆ ವಿಮಾನವನ್ನು ಏರಿಸಿ ಇಳಿಸುವ ನಾಬು, ಕೈಕೊಟ್ಟಿತು. ನನಗೆ ಅಂದೇ ಎರಡು ಪಾಳಿ ಬಿತ್ತು, ಜೊತೆಯವಳು ರಜೆ. ಭಾನುವಾರ ಬೆಳಿಗ್ಗೆ ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲು ಇವರು ಮೂರು ತಂತಿ ನನ್ನ ಮುಂದೆ ಹಿಡಿದರು.

"ಇದೊಂದು ಕಣೇ. ಆಮೇಲೆ ಮಲ್ಕೋ."

"ಸ್ವಲ್ಪ ಕೂತ್ಕೊಳ್ಳೋಕಾದ್ರೂ ಬಿಡ್ರೀ!"

ಗೊಣಗುತ್ತಲೇ ಗಂಟು ಹಾಕಿದೆ. ಕಣ್ಣು ಉರಿಯುತ್ತಿತ್ತು, ಬಿಳೀ ಹಾಸುಗಳೇ ಕಣ್ಣ ಮುಂದೆ ಸರಿಯುತ್ತಿದ್ದವು. ಇವರು ಬೆಸುಗೆ ಹಾಕಿ ಸ್ಕ್ರೂ ಬಿಗಿಯುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಮೇಷ್ಟ್ರು ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. "ಲಿಫ್ಟ್ ಮೆಕ್ಯಾನಿಕ್ ಮನೇಗೆ ಲಿಫ್ಟೇ ಇಲ್ವಲ್ರೀ!" ಒಳ್ಳೆಯ ಮನುಷ್ಯ, ನನ್ನ ಒದ್ದೆ ಬಟ್ಟೆಗಳನ್ನು ಸರಿಸಿಕೊಂಡೇ ಒಳಗೆ ಹೋದರು. ಸೀಟಿನಲ್ಲಿ ಕೂತು ವಿಮಾನ ಎಬ್ಬಿಸಿದರು. ಒಂದೊಂದೇ ನಾಬು ಮುಟ್ಟಿ ತಲೆದೂಗಿದರು. ಆಮೇಲೆ ಇನ್ನೂ ಮೇಲೆ ಹೋಗೋಣವೆಂದು ಎತ್ತರದ ನಾಬನ್ನು ಬಲಕ್ಕೆ ತಿರುಗಿಸಿದರು. ವಿಮಾನ ಮೂತಿ ಕೆಳಗೆ ಮಾಡಿತು. ಇನ್ನಷ್ಟು ತಿರುಗಿಸಿದರು. ಪರದೆಯ ಮೇಲೆ ಮನೆಗಳು, ಮರಗಳು ದೊಡ್ಡದಾಗುತ್ತ ಬಂದವು, ಕೊನೆಗೆ ಎಲ್ಲ ನಿಂತುಹೋಯಿತು.

ಗಂಟು ಅದಲುಬದಲಾಗಿದೆ. ನಾನೇ ಹಾಕಿದ್ದು.

ಮೇಷ್ಟ್ರು ಜೋರಾಗಿ ನಕ್ಕರು. "ಎರಡು ತಂತಿ ಅದಲುಬದಲಾಗಿದೆ ಅಷ್ಟೇ. ನನ್ನ ಕೈಲೂ ಎಷ್ಟೋ ಸಲ ಆಗಿದೆ ಬಿಡಿ." ಇವರು ಹಲಗೆಯ ಹಿಂದೆ ಕೈ ಹಾಕಿ, ಬೆಸುಗೆ ಬಿಡಿಸಿ, ಆ ಎರಡು ತಂತಿಗಳ ಜಾಗ ಬದಲಿಸಿದರು. ಮುಂದೆಲ್ಲ ಸರಿಯಾಗಿ ನಡೆಯಿತು. ಮೇಷ್ಟ್ರು ಅರ್ಧ ಗಂಟೆ ಹಾರಿಸಿ, ಇಳಿಸಿ, ಇವರ ಬೆನ್ನು ತಟ್ಟಿದರು.

"ಕಣ್ಣು ಮುಚ್ಚಿದ್ರೂ ಯಾವ ನಾಬು ಅಂತ ಕೈಗೆ ಗೊತ್ತಾಗುತ್ತಲ್ರೀ! ಒಂದನೇ ತಾರೀಕಿಂದ ಬಂದ್ಬಿಡಿ."

ದೇವರೇ, ಗೆದ್ದೆವು ಎಂದುಕೊಂಡೆ. ಇನ್ನು ಇವರು ಏಣಿ ಮುಟ್ಟಬೇಕಿಲ್ಲ. ನನಗೆ ನಿಂತಲ್ಲೇ ಅಳು ಬಂತು, ಸುಸ್ತಿಗೋ ಸಂತೋಷಕ್ಕೋ ತಿಳಿಯಲಿಲ್ಲ.

ಮೇಷ್ಟ್ರು ಏಳುತ್ತ ಹೇಳಿದರು, "ಆರು ತಿಂಗಳು ಇಂಥ ಪ್ಯಾನೆಲ್ ಮಾಡಿ. ಆಮೇಲೆ ನಮ್ಮ ನಿಜವಾದ ವಿಮಾನಗಳ ವೈರಿಂಗಿಗೂ ಕೈ ಹಾಕ್ಬೇಕಾಗುತ್ತೆ. ಅಲ್ಲಿರೋ ಮೆಕ್ಯಾನಿಕ್ಕಿಗೆ ಒಬ್ಬನ ಕೈ ಸಾಲ್ತಿಲ್ಲ."

ಹೂಂ ಅನ್ನಿ, ಹೂಂ ಅನ್ನಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಆರು ತಿಂಗಳ ಮಾತು ತಾನೇ, ಆಮೇಲೆ ಏನಾದರೂ ಮಾಡಿದರಾಯಿತು. ಇವರ ಒಂದು ಕೈ ಇನ್ನೂ ಹಲಗೆಯ ಹಿಂದೆಯೇ ಇತ್ತು. ಆ ಗಂಟುಗಳನ್ನು ತಡವುತ್ತಿದ್ದರು.

"ಸಾರ್, ನನಗೆ ಕೆಂಪು, ಹಸಿರು ಬೇರೆಬೇರೆ ಕಾಣಲ್ಲ" ಎಂದರು.

ಮೇಷ್ಟ್ರು ಮತ್ತೆ ಕೂತರು. "ಮತ್ತೆ ಇದೆಲ್ಲ?"

"ಇವಳು ಗಂಟು ಹಾಕಿ ಕೊಡ್ತಾಳೆ."

ಮೇಷ್ಟ್ರು ಬಗ್ಗಿ ಹಲಗೆಯ ಹಿಂದೆ ನೋಡಿದರು. ಒಂದೊಂದೇ ಗಂಟು ಮುಟ್ಟಿ ನೋಡಿದರು. ಆಮೇಲೆ ನನಗೆ ಕೈ ಮುಗಿದು, "ಬರೀ ಪ್ಯಾನೆಲ್ ಕೆಲಸಕ್ಕೆ ಒಬ್ಬರನ್ನ ಇಟ್ಕೊಳ್ಳೋಕೆ ನಮ್ಮಲ್ಲಿ ಆಗಲ್ಲಮ್ಮಾ, ತಪ್ಪು ತಿಳ್ಕೋಬೇಡಿ" ಎಂದರು. ನಾಲ್ಕು ಮಹಡಿ ಇಳಿದು ಹೋಗುವ ಅವರ ಹೆಜ್ಜೆಯ ಸದ್ದು ನಮಗೆ ಕೊನೆಯವರೆಗೂ ಕೇಳಿಸಿತು.

ನನಗೆ ಕೋಪ ನೆತ್ತಿಗೇರಿತು. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಮಗೆ? ಇಷ್ಟು ವರ್ಷ ಮುಚ್ಚಿಟ್ಟವರಿಗೆ ಇವತ್ತೇ ಸತ್ಯ ಉಕ್ಕಿ ಬರ್ಬೇಕಿತ್ತಾ? ಆ ಮಂಡಿ ಇಟ್ಕೊಂಡು ನಾಳೆ ಏಣಿ ಹತ್ತೋರು ಯಾರು, ನಾನಾ?"

"ಇದು ಮರದ ಹಲಗೆ ಕಣೇ. ನೆಲಕ್ಕೆ ಬಿದ್ರೆ ಮತ್ತೆ ಸ್ವಿಚ್ ಹಾಕಿದ್ರಾಯ್ತು. ಅಲ್ಲಿ ಯಾರದೋ ಮಕ್ಕಳು ಕೂತಿರ್ತಾರೆ."

"ತಪ್ಪು ಮಾಡಿದ್ದು ನಾನು. ನಿಮ್ಮ ಹತ್ರ ಮೀಟರ್ ಇತ್ತಲ್ರೀ, ಒಂದು ಸಲ ಹಿಡಿದು ನೋಡೋಕೆ ಏನು ರೋಗ?"

"ನೀನು ಹಾಕಿದ್ದನ್ನ ನಾನು ನೋಡೋದುಂಟಾ?" ಎಂದರು, ನಾನೇ ಏನೋ ಕೇಳಬಾರದ್ದು ಕೇಳಿದೆ ಎನ್ನುವ ಹಾಗೆ. ಹೋಗಿ ಮಲಗಿಬಿಟ್ಟೆ, ನಿದ್ದೆ ಮಾತ್ರ ಬರಲಿಲ್ಲ.

ಸೋಮವಾರ ಇವರು ಮಂಡಿಗೆ ಪಟ್ಟಿ ಬಿಗಿದುಕೊಂಡು ಎಂದಿನಂತೆ ಹೊರಟರು. ಸಂಜೆ ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಬಂದದ್ದು ನನಗೆ ಒಳಗಿನಿಂದಲೇ ಗೊತ್ತಾಯಿತು. ಮುಲಾಮು ತಿಕ್ಕಿಕೊಂಡಾದ ಮೇಲೆ ಆ ಕೋಣೆಗೆ ಹೋದರು. ನಾನು ದಾರದ ಉಂಡೆ ತೆಗೆದುಕೊಂಡು ಹಿಂದೆಯೇ ಹೋದೆ.

"ಸ್ವಲ್ಪ ಸರೀರಿ. ಎತ್ತರದ ನಾಬಲ್ಲಿ ಇನ್ನೂ ಕೆಂಪಿಗೇ ಎರಡು ಗಂಟಿದೆ, ಬಿಚ್ಚಿ ಸರಿಯಾಗಿ ಹಾಕ್ಕೊಡ್ತೀನಿ."

ಇವರು ಹಲಗೆಗೆ ಕೈ ಅಡ್ಡ ಹಿಡಿದರು.

"ಬೇಡ, ಅದು ಹಾಗೇ ಇರ್ಲಿ. ಇಷ್ಟು ತಂತೀಲಿ ನಿನ್ನ ಕೇಳದೆ ನಾನೇ ಕಂಡುಹಿಡಿದ ಬಣ್ಣ ಅಂದ್ರೆ ಅವೆರಡೇ ಕಣೇ."